ಮಾವನ ಸೋಡಾ ಮೆಷಿನ್ ತಣ್ಣಗಾದ ಭಾನುವಾರ

ಚನ್ನಗಿರಿಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟವನ ಮನೆಯಲ್ಲೇ ಒಂದು ಯಂತ್ರ ಕೆಟ್ಟು ಕೂತಿದೆ ಎಂದರೆ ಅಂಗಡಿಯ ಬೋರ್ಡಿಗೇ ಅವಮಾನ! ಊಟದ ತಟ್ಟೆಯ ಮುಂದೆ ಕೂತು, ರೊಟ್ಟಿ ಹಿಡಿದ ಕೈಯನ್ನೇ ಮೇಲೆತ್ತಿ, ನಾನು ಹೀಗೆಂದು ಘೋಷಿಸಿದೆ. ತ್ಯಾವಣಿಗೆಯ ರೈತರು ಬೋರ್‌ವೆಲ್ ಮೋಟಾರಿನ ರೋಗಲಕ್ಷಣ ಹೇಳಿದರೆ ಸಾಕು, ಕೂತಲ್ಲಿಂದಲೇ ಮದ್ದು ಕೊಡುವ ಧನ್ವಂತರಿ ಈ ಗುರುಬಸವರಾಜ್. ಇಷ್ಟು ವರ್ಷದಲ್ಲಿ ಒಂದು ಮೋಟಾರನ್ನೂ ಬಿಚ್ಚಿದವನಲ್ಲ, ಬರೀ ಮಾರಿದವನು ಎಂಬುದು ಬೇರೆ ವಿಷಯ.

ಕೆಟ್ಟು ಕೂತಿದ್ದುದು ನನ್ನ ಮಾವ ಮಹೇಶ್ವರಪ್ಪನವರ ಸೋಡಾ ಮೆಷಿನ್. ನ್ಯಾಮತಿಯ ಬಸ್‌ಸ್ಟ್ಯಾಂಡ್ ಎದುರು ಅವರಿಗೆ ಕೂಲ್‌ಡ್ರಿಂಕ್ಸ್ ಅಂಗಡಿ, ಅದರ ಹಿಂದೆಯೇ ಮನೆ ಇತ್ತು. ಅಲ್ಲಿ ರಾಜನ ಹಾಗೆ ನಿಂತಿದ್ದ ಆಳೆತ್ತರದ ಕೆಂಪು ಪೆಟ್ಟಿಗೆ ಇದು. ಹಳೆಯ ದಪ್ಪ ರೂಪಾಯಿ ಹಾಕಿ ಹಿಡಿಕೆ ತಿರುಗಿಸಿದರೆ ಧಡಕ್ಕನೆ ಬಾಟಲಿ ಬಂದು ಬೀಳುತ್ತಿತ್ತು. ಜನ ಕುಡಿಯುವುದಕ್ಕಿಂತ ನೋಡುವುದಕ್ಕೇ ಹೆಚ್ಚು ಬರುತ್ತಿದ್ದರಂತೆ. ಈಚೆಗೆ ಮಾವನಿಗೆ ಮಂಡಿ ಆಪರೇಷನ್ ಆಯಿತು, ಅಂಗಡಿ ಬಿಟ್ಟುಕೊಟ್ಟರು, ಅತ್ತೆ ಪ್ರೇಮಮ್ಮನವರ ಜೊತೆ ನಮ್ಮ ಮನೆಗೆ ಬಂದರು. ಹಿಂದೆಯೇ ಲಗೇಜ್ ಆಟೋದಲ್ಲಿ ಮೆಷಿನ್ ಕೂಡ ಬಂತು.

ಬಂದಾಗಿನಿಂದ ಮಾವ ಮಂಕಾಗಿದ್ದರು. ಮಾತಿಲ್ಲ, ನಗುವಿಲ್ಲ. ಟಿವಿ ಮುಂದೆ ಕೂತರೂ ಕಣ್ಣು ಹಾಲ್‌ನ ಮೂಲೆಯಲ್ಲಿದ್ದ ಮೆಷಿನ್ ಕಡೆಗೇ. ಪ್ಲಗ್ ಹಾಕಿದರೆ ಅದು ಗುಂಯ್ ಎನ್ನುತ್ತಿತ್ತು, ದೀಪವೂ ಹತ್ತುತ್ತಿತ್ತು. ಒಳಗಿಟ್ಟ ಬಾಟಲಿ ಮಾತ್ರ ಸ್ನಾನದ ನೀರಿನ ಹಾಗೆ ಬೆಚ್ಚಗಿರುತ್ತಿತ್ತು.

"ರೀ, ಭಾನುವಾರ ನ್ಯಾಮತಿಯಿಂದ ತಿಪ್ಪೇಶಪ್ಪನೋರು ಅಪ್ಪಾಜಿನ ನೋಡಾಕೆ ಬರ್ತಾರೆ" ಎಂದಳು ನನ್ನ ಹೆಂಡತಿ ಸಂಧ್ಯಾರಾಣಿ. "ಹಳೇ ಸ್ನೇಹಿತರು. ಅವರ ಮುಂದೆ ಅಪ್ಪಾಜಿ ಈ ಮೆಷಿನ್ನಿಂದ ಒಂದೇ ಒಂದು ತಣ್ಣನೆ ಬಾಟ್ಲಿ ತೆಗೆದುಕೊಟ್ರೆ ಸಾಕು, ಮೊದಲಿನಂಗೆ ಆಗಿಬಿಡ್ತಾರೆ."

"ಒಂದ್ಯಾಕೆ? ಹಲ್ಲು ಜುಮ್ ಅನ್ನೋ ಹಂಗೆ ಹತ್ತು ತೆಗೀಲಿ."

"ಯಾರಾದ್ರೂ ಮೆಕ್ಯಾನಿಕ್ ಕರೆಸ್ರಿ ಅಂತ ಹೇಳಾಕೆ ಬಂದೆ."

"ಮನೇಲಿ ನಾನಿರುವಾಗ?"

"ನೀವಿರೋದಕ್ಕೇ ಹೇಳಿದ್ದು."

ಈ ಮಾತು ನನ್ನ ಪೌರುಷಕ್ಕೆ ನೇರವಾಗಿ ನಾಟಿತು. ಮರುದಿನವೇ ಸ್ಪ್ಯಾನರ್ ಹಿಡಿದು ರಣರಂಗಕ್ಕಿಳಿದೆ.

ಮೊದಲ ಅನುಮಾನ ಬಾಗಿಲಿನ ರಬ್ಬರ್ ಮೇಲೆ. ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿದೆ. ಸಲೀಸಾಗಿ ಬಂತು. ರೋಗ ಸಿಕ್ಕಿತು! ತಂಪೆಲ್ಲ ಇಲ್ಲಿಂದಲೇ ಸೋರುತ್ತಿದೆ ಎಂದು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಗಟ್ಟಿ ಅಂಟಿನಿಂದ ಸುತ್ತಲೂ ಮೆತ್ತಿದೆ. ಈಗ ಬಾಗಿಲು ಎಷ್ಟು ಭದ್ರವಾಯಿತೆಂದರೆ, ತೆಗೆಯುವುದಕ್ಕೇ ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಜಗ್ಗಿದೆ. ಹಿಡಿಕೆ ಕಿತ್ತು ಕೈಗೆ ಬಂತು, ನಾನು ಸೋಫಾ ಮೇಲೆ ಬಿದ್ದೆ.

"ಪೆಟ್ಟಾಯ್ತೇನ್ರೀ?" ಎಂದು ಸಂಧ್ಯಾ ಓಡಿ ಬಂದಳು.

"ನನಗೇನೂ ಆಗಿಲ್ಲ."

"ನಿಮ್ಮನ್ನಲ್ಲ, ಸೋಫಾನ ಕೇಳಿದ್ದು."

ಎರಡನೆಯ ಅನುಮಾನ ಜಾಗದ ಮೇಲೆ. ಇಂಥ ಯಂತ್ರದ ಬೆನ್ನಿಗೆ ಗಾಳಿ ಆಡಬೇಕು, ಗೋಡೆಗೆ ಒತ್ತಿ ನಿಲ್ಲಿಸಿದರೆ ಬಿಸಿ ಹೊರಗೆ ಹೋಗದು. ಇದು ನಿಜವಾದ ಶಾಸ್ತ್ರ. ಆದರೆ ಶಾಸ್ತ್ರವನ್ನು ಆಚರಣೆಗೆ ತರುವಾಗ ಮೆಷಿನ್ ಜಾರಿ ಹೋಗಿ ಅಡುಗೆಮನೆಯ ಬಾಗಿಲಿಗೆ ಬೆಣೆ ಹೊಡೆದಂತೆ ಸಿಕ್ಕಿಕೊಂಡಿತು. ಸಂಧ್ಯಾ ಒಳಗೆ, ನಾವು ಹೊರಗೆ. ಮೆಷಿನ್ನಿನ ನೆತ್ತಿಯ ಮೇಲಿಂದ ಅವಳು ಉಪ್ಪಿಟ್ಟಿನ ತಟ್ಟೆಗಳನ್ನು ದಾಟಿಸಿದಳು. ನನ್ನ ತಟ್ಟೆ ಬಹಳ ತಡವಾಗಿ ಬಂತು.

ಹೇಗೋ ಬಿಡಿಸಿಕೊಂಡು ಬೆನ್ನಿನ ಮುಚ್ಚಳ ಬಿಚ್ಚಿದರೆ ಏನು ನೋಡುವುದು! ವರ್ಷ ವರ್ಷದ ಆಯುಧಪೂಜೆಯ ವಿಭೂತಿ, ಕುಂಕುಮ, ಅರಿಶಿನ ಎಲ್ಲ ಕೂಲಿಂಗ್ ಕೊಳವೆಗಳ ಮೇಲೆ ಗಿಲಾವಿನಂತೆ ಕೂತಿದೆ. ದೇವರ ಗುಡಿಯ ಕಂಬಕ್ಕೂ ಇಷ್ಟು ಹಚ್ಚುವುದಿಲ್ಲ. ಮುಂದೆ ಹಚ್ಚಿದರೆ ಗಿರಾಕಿಗಳ ಬಟ್ಟೆಗೆ ಹತ್ತುತ್ತದೆಂದು ಪ್ರತಿ ಸಲ ಹಿಂದೆಯೇ ಹಚ್ಚಿದ್ದರಂತೆ. ನಾನು ಗಾಡಿ ತೊಳೆಯುವ ಪೈಪ್ ತಂದು ಜೋರಾಗಿ ನೀರು ಬಿಟ್ಟೆ. ಪ್ಲಗ್ ತೆಗೆಯಲು ಮರೆತಿದ್ದೆ. ಢಂ! ನಮ್ಮ ಮನೆಯದಷ್ಟೇ ಅಲ್ಲ, ಬೀದಿಯ ಕರೆಂಟೂ ಹೋಯಿತು. ಧಾರಾವಾಹಿ ಅರ್ಧಕ್ಕೆ ನಿಂತ ಮನೆಗಳ ಹೆಂಗಸರೆಲ್ಲ ನಮ್ಮ ಗೇಟಿನ ಮುಂದೆ ಸೇರಿದರು. ಅವರಿಗೆ ಉತ್ತರ ಕೊಡಲು ನಾನು ಸಂಧ್ಯಾಳನ್ನು ಕಳಿಸಿದೆ.

ಕೊನೆಗೆ ಫ್ರಿಜ್ ರಿಪೇರಿಯ ಪರಶುರಾಮ್ ಬರಲೇಬೇಕಾಯಿತು. ಸುಟ್ಟ ತಂತಿ ಬದಲಿಸಿದ, ಅಂಟಿದ ಬಾಗಿಲು ಬಿಡಿಸಿ ಹಿಡಿಕೆ ಕೂರಿಸಿದ, ಗ್ಯಾಸ್ ತುಂಬಿದ, ತಲೆ ಕೆರೆದುಕೊಂಡ.

"ಕಂಪ್ರೆಸರ್‌ನಾಗೆ ಜೀವ ಐತೋ ಇಲ್ವೋ ನಂಗೆ ನಂಬಿಕೆ ಇಲ್ಲಣ್ಣ. ಬೆಳಗ್ಗೆ ತನಕ ನೋಡ್ರಿ. ಹಿಡಿದ್ರೆ ಹಿಡೀತು."

ಭಾನುವಾರ ಬೆಳಗ್ಗೆ ಎದ್ದವನೇ ಬಾಟಲಿ ಮುಟ್ಟಿ ನೋಡಿದೆ. ಹಿಡಿದಿರಲಿಲ್ಲ. "ಸಂಧ್ಯಾ, ನನ್ನ ಕೈಲಿ ಆಗಲಿಲ್ಲ ಕಣೇ" ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅತ್ತೆ ಹತ್ತಿರ ಬಂದರು. "ಬೇಜಾರಾಗಬ್ಯಾಡ್ರಿ ಅಳಿಯಂದ್ರೇ. ಮೆಷಿನ್‌ಗೆ ಪೂಜೆ ಆಗಿಲ್ಲ, ಅದಕ್ಕೇ ಹಿಂಗೆ. ನ್ಯಾಮತಿಯಾಗೆ ದಿನಾ ನಾನು ಪೂಜೆ ಮಾಡ್ದಲೇ ಅಂಗಡಿ ಬಾಗಿಲು ತೆಗೀತಿರಲಿಲ್ಲ. ಮಾಡೋವಾಗ ಯಾರೂ ಇರಬಾರ್ದು. ನಿಮ್ಮ ಮಾವನೋರು ಹೆಂಗೂ ಒಳಗೆ ಲಿಂಗಪೂಜೆಗೆ ಕೂತವ್ರೆ. ನೀವು ಹೋಗಿ ಮಂಡಕ್ಕಿ, ಮೆಣಸಿನಕಾಯಿ ತಗಂಡು ಬರ್ರಿ."

ಗ್ಯಾಸಿಗೆ ಬಗ್ಗದ ಮೆಷಿನ್ ಗಂಧದಕಡ್ಡಿಗೆ ಬಗ್ಗುತ್ತದೆಯೇ ಎಂದುಕೊಂಡು ಹೋದೆ.

ನಾನು ವಾಪಸ್ ಬರುವಷ್ಟರಲ್ಲಿ ತಿಪ್ಪೇಶಪ್ಪನವರು ಬಂದು ಕೂತಿದ್ದರು. ಮಾವ ಕೋಲೂರಿಕೊಂಡು ಮೆಷಿನ್ ಬಳಿ ಹೋದರು. ನಾಣ್ಯ ಹಾಕಿದರು, ಹಿಡಿಕೆ ತಿರುಗಿಸಿದರು. ನಾನು ನೆಲ ನೋಡುತ್ತ ನಿಂತೆ. ಧಡಕ್! ತಿಪ್ಪೇಶಪ್ಪನವರು ಬಾಟಲಿ ಹಿಡಿದವರೇ ಕೈ ಕೊಡವಿದರು.

"ಯಪ್ಪಾ, ಕೈ ಮರಗಟ್ಟತೈತಲ್ಲೋ ಮಹೇಶ. ಆವಾಗ್ಲೂ ಹಿಂಗೇ ಇತ್ತು ನೋಡು."

ಮಾವ ನಕ್ಕರು. ನಮ್ಮ ಮನೆಗೆ ಬಂದ ಮೇಲೆ ಅದೇ ಮೊದಲ ಸಲ. ಸಂಧ್ಯಾ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನಾನು? ನನ್ನ ಎದೆ ಮೆಷಿನ್ನಿಗಿಂತ ಅಗಲವಾಯಿತು! "ಗ್ಯಾಸ್ ನಿಧಾನಕ್ಕೆ ಹಿಡಿಯೋದು. ಆದ್ರೆ ಮುಖ್ಯವಾಗಿ ಆ ರಬ್ಬರ್ ಕೆಲಸ..." ಎಂದು ಭಾಷಣ ಶುರು ಮಾಡಿದೆ. ತಂಪು ಎಂದರೇನು, ಅದು ಎಲ್ಲಿಂದ ಬರುತ್ತದೆ, ನನ್ನಂಥವರು ಅದನ್ನು ಹೇಗೆ ತಡೆದು ನಿಲ್ಲಿಸುತ್ತಾರೆ ಎಂದೆಲ್ಲ ವಿವರಿಸಿದೆ.

ಭಾಷಣದ ನಡುವೆ ಅಂಗಾಲಿಗೆ ತಣ್ಣಗೆ ನೀರು ಹತ್ತಿತು. ಮೆಷಿನ್ನಿನ ಹಿಂದೆ ಹೋಗಿ ನೋಡಿದರೆ ಅತ್ತೆ ಬಟ್ಟೆ ಹಿಡಿದು ನೆಲ ಒರೆಸುತ್ತಿದ್ದಾರೆ. ಪಕ್ಕದಲ್ಲಿ ಒದ್ದೆ ಗೋಣಿಚೀಲ. ಬಿಚ್ಚಿದ ಮುಚ್ಚಳದೊಳಗೆ, ಬಾಟಲಿಗಳ ಸುತ್ತ, ಐಸ್ ಗಡ್ಡೆಗಳು!

"ಅತ್ತೆ, ಇದೇನಿದು?"

"ಮೆತ್ತಗೆ ಮಾತಾಡ್ರಿ." ಅತ್ತೆ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡರು. "ಇದು ಕೊಂಡ ಎರಡನೇ ಬೇಸಿಗೆಗೇ ಕೆಟ್ಟಿತ್ತು. ನಿಮ್ಮ ಮಾವನೋರು ಎಲ್ಲಾ ಬಿಚ್ಚಿ ಜೋಡಿಸಿದ್ರು, ತಣ್ಣಗಾಗಲಿಲ್ಲ. ಊಟ ಬಿಟ್ಟು ಮಕ್ಕಂಡ್ರು. ನನ್ನ ಕೈಲಿ ನೋಡಾಕೆ ಆಗಲಿಲ್ಲ. ಶಿವಮೊಗ್ಗದ ಮೊದಲನೇ ಬಸ್ಸಿನಾಗೆ ಐಸ್ ತರಿಸಿ ಹಿಂದ್ಲಿಂದ ತುಂಬಿದೆ. ಬಾಟ್ಲಿ ತಣ್ಣಗೆ ಬಂದಾಗ 'ಪ್ರೇಮಾ, ರಿಪೇರಿ ಮಾಡಿಬಿಟ್ಟೆ' ಅಂತ ಸಣ್ಣ ಹುಡುಗರಂಗೆ ಕುಣಿದ್ರು. ಆಮೇಲೆ ಹೆಂಗೆ ಹೇಳಾದು? ಅಂಗಡಿ ಬಿಡೋ ತನಕ ದಿನಾ ತುಂಬಿದೆ, ಪೂಜೆ ಅಂತ ಹೇಳಿ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹೇಳಿಗೀಳೀರಿ ಮತ್ತೆ."

"ಇವತ್ತಿನ ಐಸು?"

"ಸಂಧ್ಯಾಗೆ ಬೆಳಗ್ಗೆ ಎಲ್ಲಾ ಹೇಳ್ದೆ. ಜ್ಯೂಸ್ ಅಂಗಡಿಗೆ ಹೋಗಿ ತಂದ್ಲು."

ಎಲ್ಲವೂ ಗೊತ್ತಿದ್ದೂ ಅವಳು ನನ್ನ ಭಾಷಣವನ್ನು ತಲೆದೂಗಿ ಕೇಳಿದ್ದಳು! ಆದರೆ ನಾಚಿಕೆಗಿಂತ ಮುಂಚೆ ನನ್ನ ಕಣ್ಣು ತುಂಬಿಬಂತು. ಇಷ್ಟು ವರ್ಷ ಆ ಮೆಷಿನ್ನಿಗೆ ಕಂಪ್ರೆಸರ್ ಆಗಿದ್ದವರು ಸೆರಗು ಸಿಕ್ಕಿಸಿಕೊಂಡು ನೆಲ ಒರೆಸುತ್ತಿದ್ದರು.

ತಿಪ್ಪೇಶಪ್ಪನವರು ಹೊರಟ ಮೇಲೆ ಮಾವ ನನ್ನನ್ನು ಕೋಣೆಗೆ ಕರೆದರು. ಬಾಗಿಲು ಮುಂದಕ್ಕೆ ಹಾಕಿಸಿದರು.

"ಮೆಷಿನ್ ಹಿಂದೆ ಹೋಗಿದ್ರಲ್ಲ. ಐಸ್ ಕಂಡ್ರಾ?"

"ಮಾವ, ನಿಮಗೆ ಗೊತ್ತಾ?"

"ಸೋಡಾ ಮಾರಿದೋನಿಗೆ ಐಸ್ ಕರಗಿದ ನೀರು ಗೊತ್ತಾಗಲ್ವೇನ್ರಿ? ಮೊದಲನೇ ವಾರಾನೇ ಗೊತ್ತಾತು. ಬೆಳಕು ಹರಿಯೋ ಮುಂಚೆ ಎದ್ದು, ಸೆರಗಿನಾಗೆ ಮುಚ್ಚಿಕೊಂಡು ತರೋಳು, ಪಾಪ. ನಂಗೆ ಗೊತ್ತು ಅಂತ ಹೆಂಗೆ ಹೇಳ್ಲಿ? ಅವಳು ತುಂಬಿ ಮುಗಿಸೋ ತನಕ ನಾನು ಲಿಂಗಪೂಜೆ ಬಿಟ್ಟು ಏಳ್ತಿರಲಿಲ್ಲ. ಊರೋರೆಲ್ಲ ನನ್ನ ಭಾರಿ ಭಕ್ತ ಅಂದ್ಕಂಡ್ರು." ಮಾವ ಮಂಡಿ ನೀವಿಕೊಂಡರು. "ಇಲ್ಲಿಗೆ ಬಂದ ಮೇಲೆ ಅದೆಲ್ಲ ನಿಂತುಹೋತು. ಬೆಳಗ್ಗೆ ಅವಳ ಕಳ್ಳಹೆಜ್ಜೆ ಸಪ್ಪಳ ಇಲ್ದಲೇ ಮನಸ್ಸಿಗೆ ಏನೋ ಕಳಕೊಂಡಂಗೆ ಆಗಿತ್ತು. ಇವತ್ತು ಮತ್ತೆ ಕೇಳಿಸ್ತು ನೋಡ್ರಿ."

ಆಗ ನನಗೆ ನನ್ನ ಪಾಡು ನೆನಪಾಯಿತು.

"ಹಂಗಾದ್ರೆ ನಾನು ವಾರ ಪೂರ್ತಿ ಒದ್ದಾಡುವಾಗ ಒಂದು ಮಾತು ಹೇಳಬಹುದಿತ್ತಲ್ಲ ಮಾವ?"

"ಹೇಳೋಣ ಅಂತಲೇ ಇದ್ದೆ. ನೀವೆಲ್ಲಿ ನಿಜವಾಗ್ಲೂ ರಿಪೇರಿ ಮಾಡಿಬಿಡ್ತೀರೋ ಅಂತ ಮೊದಲನೇ ದಿನ ಭಾಳ ಭಯ ಆಗಿತ್ತು." ಮಾವ ಪ್ರೀತಿಯಿಂದ ನನ್ನ ಬೆನ್ನು ತಟ್ಟಿದರು. "ಆಮೇಲೆ ನಿಮ್ಮ ಕೆಲಸ ನೋಡ್ದೆ. ನೆಮ್ಮದಿ ಆತು."