ಹದ್ದಿನಕೊಳ್ಳದ ಏರಿನಲ್ಲಿ ಪವನಪುತ್ರ

ರಥಗಳ ಯುಗ ಕಳೆದು, ಜಟಕಾಗಳ ಯುಗವೂ ಕಳೆದು, ದಿಗ್ವಿಜಯವೆಂಬ ಮಾತು ಲಾರಿಗಳ ಹಿಂಬದಿಯ ಹಲಗೆಯ ಮೇಲಷ್ಟೇ ಬಣ್ಣದಲ್ಲಿ ಉಳಿದುಕೊಂಡ, ಡೀಸೆಲ್ಲಿನ ದರ ಆಕಾಶವನ್ನೇರಿದರೂ ಲಾರಿಗಳು ಗುಡ್ಡವನ್ನೇರಲಾರದೆ ಏದುಸಿರು ಬಿಡುತ್ತಿದ್ದ ಕಾಲವೊಂದಿತ್ತು. ಎಲೈ ವಾಗ್ದೇವಿಯೇ, ವೀಣೆಯನ್ನು ಬೇವಿನ ಮರಕ್ಕೆ ಒರಗಿಸಿ, ಗ್ರೀಸಿನ ವಾಸನೆಗೆ ಮೂಗು ಮುರಿಯದೆ, ಈ ಲಾರಿ ಸ್ಟ್ಯಾಂಡಿನ ಮುರುಕು ಬೆಂಚಿನ ಮೇಲೆ ಒಂದು ಗಳಿಗೆ ಕುಳಿತುಕೊ. ಗೇರ್‌ದಂಡಪ್ರಚಂಡನೂ ಹಾರ್ನ್‌ನಾದಭೀಕರನೂ ಆದ ಹೊಳಬಸಪ್ಪನು ಮೂರು ಸಾವಿರ ರೂಪಾಯಿಯೊಳಗೆ ಮುದಿ ಲಾರಿಗೆ ಯೌವನ ತರಲು ಹೊರಟ ಕಥೆಯನ್ನು ಹಾಡಲಿದ್ದೇವೆ. ಶ್ರುತಿ ತಪ್ಪಿದರೆ ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸದು, ಹೆದರಬೇಡ.

ಮೊದಲು ಆ ಲಾರಿಯನ್ನು ವರ್ಣಿಸಬೇಕು. ಅದರ ಹಣೆಯ ಮೇಲೆ ಹಳದಿ ಅಕ್ಷರಗಳಲ್ಲಿ 'ಪವನಪುತ್ರ' ಎಂದು ಬರೆದಿತ್ತು. ಷಟ್‌ಚಕ್ರಗಾಮಿ, ಘನಧೂಮಕೇತನ, ನವಖಣಾಲಂಕೃತನಾಸಿಕ ಎಂಬ ಮೂರು ಬಿರುದುಗಳು ಅದಕ್ಕೆ ಸಲ್ಲುತ್ತಿದ್ದವು. ಆರು ಗಾಲಿಗಳಿದ್ದುದರಿಂದ ಮೊದಲನೆಯದು. ಏರು ಹತ್ತುವಾಗ ಕಾಡಿಗೆಯಂಥ ಹೊಗೆಯನ್ನು ಧ್ವಜದಂತೆ ಹಾರಿಸುತ್ತಿದ್ದುದರಿಂದ ಎರಡನೆಯದು. ಮೂರನೆಯದಕ್ಕೆ ಒಂದು ಹಿನ್ನೆಲೆಯಿದೆ. ಕ್ಯಾಬಿನ್ನಿನ ಪಕ್ಕದಲ್ಲಿ ನೆಟ್ಟಗೆ ನಿಂತು ಎಂಜಿನ್ನಿಗೆ ಗಾಳಿ ಒಯ್ಯುವ ಕಬ್ಬಿಣದ ಕೊಳವೆಯನ್ನು ಸ್ಟ್ಯಾಂಡಿನವರೆಲ್ಲ ಮೂಗು ಎಂದೇ ಕರೆಯುತ್ತಿದ್ದರು. ಪ್ರತಿ ಮಹಾನವಮಿಯ ಪೂಜೆಯಲ್ಲಿ ಹೊಳಬಸಪ್ಪ ಆ ಮೂಗಿನ ತುದಿಗೆ ಗುಳೇದಗುಡ್ಡದ ಖಣವೊಂದನ್ನು ಹೊದಿಸಿ, ಅರಿಶಿನದ ದಾರದಿಂದ ಬಿಗಿದು ಕಟ್ಟುತ್ತಿದ್ದ. ಒಮ್ಮೆ ಕಟ್ಟಿದ್ದನ್ನು ಬಿಚ್ಚುವುದು ಅಪಚಾರವೆಂದು ಮರುವರ್ಷದ ಖಣ ಹಿಂದಿನದರ ಮೇಲೆಯೇ ಏರುತ್ತಿತ್ತು. ಹೀಗೆ ಒಂಬತ್ತು ವರ್ಷ, ಒಂಬತ್ತು ಖಣ. ಅವೆಲ್ಲ ಅವನ ಹೆಂಡತಿ ಪಾರವ್ವನ ತವರಿನಿಂದ, ಅವಳ ಕುಪ್ಪಸಕ್ಕೆಂದು, ವರ್ಷಕ್ಕೊಂದರಂತೆ ಬಂದವು. ಆ ವಿಷಯವನ್ನು ಪಾರವ್ವ ಮರೆತಿರಲಿಲ್ಲ.

ಇನ್ನು ಯುದ್ಧಭೂಮಿ. ಊರಿನ ಕೆಳಗೆ ಹಾಸುಗಲ್ಲಿನ ಕ್ವಾರಿ, ಮೇಲೆ ಪೇಟೆಯ ರಸ್ತೆ, ನಡುವೆ ಏಳು ತಿರುವುಗಳ ಹದ್ದಿನಕೊಳ್ಳದ ಏರು. ಸ್ಟ್ಯಾಂಡಿನ ಗೋಡೆಯ ಮೇಲಿನ ಕರಿಹಲಗೆಯಲ್ಲಿ ಎರಡು ಪಟ್ಟಿಗಳಿದ್ದವು. ಕಲ್ಲು ಹೊತ್ತು ಏರು ಹತ್ತುವ ಲಾರಿಗಳದು ಗುಡ್ಡದ ಪಾಳಿ. ದಿನವೂ ಲೋಡು, ದಿನವೂ ಗೌರವ. ಹತ್ತಲಾರದವುಗಳದು ಬಯಲ ಪಾಳಿ. ವಾರಕ್ಕೊಮ್ಮೆ ಇಟ್ಟಿಗೆ ಸಿಕ್ಕರೆ ಸಿಕ್ಕಿತು. ಬಯಲ ಪಾಳಿಗೆ ಇಳಿದ ಲಾರಿಗಳು ಒಂದು ವರ್ಷದೊಳಗೆ ಗುಜರಿಗೆ ಹೋಗಿದ್ದನ್ನು ಎಲ್ಲರೂ ಕಂಡಿದ್ದರು. ಆ ಹಲಗೆಗೂ ಸೀಮೆಸುಣ್ಣಕ್ಕೂ ಒಡೆಯನಾದವನು ದಶಚಕ್ರಾಧೀಶ್ವರ ದ್ಯಾಮಣ್ಣ. ಅವನ ಹತ್ತು ಗಾಲಿಯ ಹೊಸ ಲಾರಿಯಲ್ಲಿ ತೊಡೆದಪ್ಪದ ಸರಪಳಿಯೊಂದಿತ್ತು. ಏರಿನಲ್ಲಿ ನಿಂತವರನ್ನು ಅದರಿಂದ ಎಳೆಯುವುದು ಅವನಿಗೆ ಉಪಕಾರವೂ ಹೌದು, ಹಬ್ಬವೂ ಹೌದು.

ಪವನಪುತ್ರನು ಎರಡನೆಯ ಸಲ ಸರಪಳಿಯಲ್ಲಿ ಮೇಲೆ ಬಂದ ದಿನ ದ್ಯಾಮಣ್ಣ ಸ್ಟ್ಯಾಂಡಿನ ನಡುವೆ ನಿಂತು ಹೇಳಿದ:

"ಹೊಳಬಸಪ್ಪಾ, ಎರಡ ಸಲ ಎಳದೀನಿ. ಇನ್ನೊಂದ ಸಲ ನನ್ನ ಸರಪಳಿ ನಿನ್ನ ಗಾಡಿಗೆ ಬಿತ್ತಂದ್ರ ಗುಡ್ಡದ ಪಾಳ್ಯಾಗಿಂದ ನಿನ್ನ ಹೆಸರ ಅಳಸ್ತೀನಿ. ಮನಸಿಗೆ ಹಚ್ಕೋಬ್ಯಾಡ ಮತ್ತ. ರೂಲು ಎಲ್ಲಾರಿಗೂ ಒಂದ."

ಇದನ್ನು ಕೇಳಿದ ವೀರನ ಹುಬ್ಬು ಗಂಟಿಕ್ಕಿತು, ಮೀಸೆ ಅದುರಿತು, ಬಾಯೊಳಗಿನ ಎಲೆ-ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿತು. ಮೇಘಗಂಭೀರ ಸ್ವರದಲ್ಲಿ ಅವನೆಂದ: "ಎಲವೋ ಶೃಂಖಲಾಗರ್ವಿತನೇ! ಬರುವ ಸೋಮವಾರ ಸೂರ್ಯನು ನೆತ್ತಿಗೇರುವ ಮುನ್ನ ನನ್ನ ಪವನಪುತ್ರನು ಪೂರ್ಣಭಾರವನ್ನು ಹೊತ್ತು ಈ ಗಿರಿಯ ಶಿರವನ್ನು ಮೆಟ್ಟದಿದ್ದರೆ, ನಾನು ಸ್ಟಿಯರಿಂಗನ್ನು ತ್ಯಜಿಸಿ ಕುರಿ ಕಾಯುವೆನು!"

ಹೀಗೆಂದನೆಂದು ನಾವು ಹಾಡುತ್ತೇವೆ. ಅಲ್ಲಿದ್ದವರಿಗೆ ಕೇಳಿಸಿದ್ದು ಇಷ್ಟೇ: "ತಗೋ ತಗೋ, ಸೋಮವಾರ ನೋಡೂಣಂತ."

ವೀರನು ಅಸ್ತ್ರಸಂಪಾದನೆಗಾಗಿ ನೇರವಾಗಿ ಮೋದಿನಸಾಬನ ಗ್ಯಾರೇಜಿಗೆ ಹೋದ. ಮೋದಿನಸಾಬ ಆ ಸೀಮೆಯ ಎಂಜಿನ್‌ಗರ್ಭಜ್ಞ. ಸದ್ದು ಕೇಳಿಯೇ ರೋಗ ಹೇಳುವವನು. ಬೇರೆ ಎಂಜಿನ್ ಕೂಡಿಸುವುದಾದರೆ ಎಷ್ಟು, ಇದನ್ನೇ ಪೂರ್ತಿ ಬಿಚ್ಚಿ ಕಟ್ಟುವುದಾದರೆ ಎಷ್ಟು ಎಂದು ಅವನು ಹೇಳತೊಡಗಿದಾಗ ಹೊಳಬಸಪ್ಪ ಕೈ ಅಡ್ಡ ಹಿಡಿದ.

"ಸಾಬಣ್ಣ, ಮೂರ ಸಾವಿರದಾಗ ಏನ ಬರತೈತಿ ಅಷ್ಟ ಹೇಳು."

"ಮೂರ ಸಾವಿರದಾಗ ತಾಕತ್ತ ಬರಂಗಿಲ್ರೀ, ಧೈರ್ಯ ಬರತೈತಿ."

"ಧೈರ್ಯ ನನ್ನ ಕಡೆ ಐತಿ. ತಾಕತ್ತ ಕೊಡು."

ಮೋದಿನಸಾಬ ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟ. ಹೊಗೆಯನ್ನು ನೋಡಿದ. ಕರಿಹೊಗೆಯ ನಡುವಿನಿಂದ ಕೆಮ್ಮುತ್ತ ಹೊರಬಂದು, "ಗಾಳಿ ಕಡಿಮಿ ಆದಂಗ ಕಾಣಸ್ತೈತಿ. ಆ ಮೂಗ ಒಮ್ಮೆ ಬಿಚ್ಚಿ ನೋಡ್ಲೇನ್ರಿ?" ಎಂದ.

"ಅದಕ್ಕ ಕೈ ಹಚ್ಚಬ್ಯಾಡ. ದೇವರದೈತಿ."

ಇನ್ನೊಬ್ಬರ ದೇವರ ತಂಟೆಗೆ ಹೋಗದಿರುವುದು ಮೋದಿನಸಾಬ ತನ್ನ ತಂದೆಯಿಂದ ಕಲಿತ ಮೊದಲ ಕಸುಬು. ಅವನು ತಲೆಯಾಡಿಸಿ ಉಳಿದದ್ದಕ್ಕೆ ಕೈಹಾಕಿದ. ನೋಜಲ್‌ಗಳನ್ನು ತೊಳೆದ. ಟ್ಯಾಪೆಟ್ಟುಗಳನ್ನು ಬಿಗಿ ಮಾಡಿದ. ಕೊನೆಗೆ ಡೀಸೆಲ್ ಪಂಪಿನ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಎಣ್ಣೆ ಬಿಟ್ಟ. ಮೂರು ಸಾವಿರ ಮುಗಿಯಿತು. ಪವನಪುತ್ರನ ಧೂಮಧ್ವಜ ಮಾತ್ರ ಮೊದಲಿಗಿಂತ ಎರಡು ಮೊಳ ಎತ್ತರಕ್ಕೆ ಹಾರಿತು.

"ನೋಡು, ಹೆಂಗ ಉಗಳಾಕತ್ತೈತಿ! ಸಿಟ್ಟಿಗೆದ್ದೈತಿ ಅದು!" ಎಂದು ಹೊಳಬಸಪ್ಪ ಹಿಗ್ಗಿದ.

ಮೋದಿನಸಾಬ ಕೈ ಒರೆಸಿಕೊಂಡ.

ಸೋಮವಾರ ಬಂತು. ಏರಿನಲ್ಲಿ ಲಾರಿ ನಿಂತರೆ ಗಾಲಿಯ ಹಿಂದೆ ಕಲ್ಲು ಇಡಲು ಒಬ್ಬರು ಬೇಕೇ ಬೇಕು. ಹೊಳಬಸಪ್ಪನ ಕ್ಲೀನರನು ಹಿಂದಿನ ವಾರವೇ ದ್ಯಾಮಣ್ಣನ ಪಕ್ಷ ಸೇರಿ, ಅದೇ ದಿನ ಅವನ ಗಾಡಿಯಲ್ಲಿ ಮೆತ್ತನೆಯ ಸೀಟಿನ ಸುಖ ಕಂಡಿದ್ದ. ಆಗ ಪಾರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಯಾಬಿನ್ ಹತ್ತಿದಳು.

"ನೀ ಎಲ್ಲಿಗೆ?"

"ಗಾಲಿಗೆ ಕಲ್ಲ ಕೊಡಾಕ. ಮನ್ಯಾಗ ಕುಂತ ಎದಿ ಹೊಡಕೊಳ್ಳೂದಕಿಂತ ಇದ ಚಲೋ. ನಡೀರಿ ಸುಮ್ನ."

ಹಾಸುಗಲ್ಲಿನ ಪೂರ್ಣಭಾರ ಹೊತ್ತ ಷಟ್‌ಚಕ್ರಗಾಮಿ, ಘನಧೂಮಕೇತನ, ನವಖಣಾಲಂಕೃತನಾಸಿಕ ಪವನಪುತ್ರನು ಗಾಲಿಯ ಬುಡಕ್ಕಿಟ್ಟ ಲಿಂಬೆಹಣ್ಣನ್ನು ತುಳಿದು ಹೊರಟ. ಹಿಂದೆ ಸರಪಳಿಸಮೇತನಾಗಿ ದ್ಯಾಮಣ್ಣ. ಮೊದಲ ತಿರುವನ್ನು ಮೂರನೆಯ ಗೇರಿನಲ್ಲಿ ಗೆದ್ದರು. ಎರಡನೆಯದನ್ನೂ ಮೂರನೆಯದನ್ನೂ ಎರಡನೆಯ ಗೇರಿನಲ್ಲಿ. ನಾಲ್ಕನೆಯ ತಿರುವಿಗೆ ಹೊಳಬಸಪ್ಪ ಮೊದಲ ಗೇರಿಗೆ ಇಳಿದು, ಸ್ಟಿಯರಿಂಗನ್ನು ಎದೆಗೆ ಅವುಚಿಕೊಂಡು, ಲಾರಿಯನ್ನು ತಾನೇ ಎಳೆಯುವವನಂತೆ ಮುಂದಕ್ಕೆ ಬಾಗಿದ. ಪಕ್ಕದಲ್ಲಿ ಸೌದೆ ಹೊತ್ತು ನಡೆಯುತ್ತಿದ್ದ ಮುದುಕಿಯೊಬ್ಬಳು ಅವರನ್ನು ದಾಟಿ ಹೋದಳು. ಐದನೆಯ ತಿರುವಿನ ನಟ್ಟನಡುವೆ, ಗುಡ್ಡವನ್ನೇ ಮಸಿಯಲ್ಲಿ ಅದ್ದಿದಷ್ಟು ಹೊಗೆ ಉಗುಳಿ, ಪವನಪುತ್ರ ನಿಂತ.

ಪಾರವ್ವ ಕೆಳಗೆ ಹಾರಿ ಗಾಲಿಯ ಹಿಂದೆ ಕಲ್ಲಿಟ್ಟಳು. ಬಾನೆಟ್ಟಿನಿಂದ ಹಬೆ ಬುಸುಗುಟ್ಟುತ್ತಿತ್ತು. ಹ್ಯಾಂಡ್‌ಬ್ರೇಕು ಹೆಸರಿಗಷ್ಟೇ ಇದ್ದುದರಿಂದ ವೀರಾಗ್ರಣಿಯು ಬ್ರೇಕಿನ ಮೇಲಿಟ್ಟ ಪಾದವನ್ನು ತೆಗೆಯುವಂತಿರಲಿಲ್ಲ. ಮಹಾಸಮರದ ನಿರ್ಣಾಯಕ ಗಳಿಗೆಯಲ್ಲಿ ಅವನು ಸೀಟಿಗೆ ಅಂಟಿಕೊಂಡು ಬಾಯಿಂದಷ್ಟೇ ಹೋರಾಡಬಲ್ಲವನಾಗಿದ್ದ.

"ರೇಡಿಯೇಟರ್‌ಗೆ ನೀರ ಹಾಕ! ಸಾವಕಾಶ ಮುಚ್ಚಳಾ ತಗಿ!"

"ಸುಡಾಕತ್ತೈತ್ರಿ! ದಪ್ಪನ್ನ ಅರಿವಿ ಕೊಡ್ರಿ!"

"ನನ್ನ ಟವೆಲ್ ತಗೋ!"

"ಅದು ಜಾಳ ಜಾಳ ಐತಿ, ಕೈ ಬೇಯತಾವ."

ಹಿಂದಿನಿಂದ ಸರಪಳಿ ಕಬ್ಬಿಣಕ್ಕೆ ತಾಗುವ ಸದ್ದು ಕೇಳಿಸಿತು. ದ್ಯಾಮಣ್ಣ ಅದನ್ನು ಹೆಗಲಿಗೆ ಹಾಕಿಕೊಂಡು, ಅವಸರವಿಲ್ಲದೆ, ಮದುವೆ ಮನೆಗೆ ಬರುವವನಂತೆ ಬರುತ್ತಿದ್ದ. ಪಾರವ್ವ ಸುತ್ತ ನೋಡಿದಳು. ಅವಳ ಕಣ್ಣು ಮೇಲಕ್ಕೆ ಹೋಗಿ ಲಾರಿಯ ಮೂಗಿನ ಮೇಲೆ ನಿಂತಿತು. ಒಂಬತ್ತು ಪದರ, ಒತ್ತಾಗಿ, ದಪ್ಪಗೆ.

"ಏ ಪಾರೀ! ಅದನ್ನ ಮುಟ್ಟಬ್ಯಾಡ! ದೇವರದು!"

"ದೇವರದಲ್ರೀ, ನಮ್ಮವ್ವನ ಮನೀದು. ಒಂಬತ್ತೂ ನನ್ನ ಕುಪ್ಪಸಕ್ಕ ಬಂದಾವು."

"ಬಿಚ್ಚಿದ್ರ ಕೆಡಕ ಆಗತೈತಿ!"

"ಇನ್ನೇನ ಕೆಡಕ ಆಗೂದೈತಿ? ಅಲ್ಲಿ ಬರಾಕತ್ತಾನ ನೋಡ್ರಿ ದ್ಯಾಮಣ್ಣ."

ಮಡ್‌ಗಾರ್ಡಿನ ಮೇಲೆ ಕಾಲಿಟ್ಟು ಹತ್ತಿ, ಹಲ್ಲಿನಿಂದ ದಾರ ಕಡಿದು, ಅವಳು ಖಣಗಳನ್ನು ಒಂದೊಂದಾಗಿ ಸುಲಿದಳು. ಮೇಲಿನದು ಇನ್ನೂ ದಾಳಿಂಬೆ ಬಣ್ಣದ್ದು. ಆಮೇಲೆ ನೇರಳೆ, ಆಮೇಲೆ ಗಿಳಿಹಸಿರು. ಒಳಗಿನವುಗಳಿಗೆ ಬಣ್ಣವೇ ಇರಲಿಲ್ಲ; ಧೂಳು ಮತ್ತು ಎಣ್ಣೆ ಸೇರಿ ರೊಟ್ಟಿಯ ಹಂಚಿನಂತೆ ಗಟ್ಟಿಯಾಗಿದ್ದವು. ಒಂಬತ್ತನ್ನೂ ಒಟ್ಟಿಗೆ ಹಿಡಿದು ಮುಚ್ಚಳ ತಿರುಗಿಸಿದಳು. ಹಬೆ ಹಾರಿತು. ಕ್ಯಾಬಿನ್ನಿನಲ್ಲಿ ತಂದಿದ್ದ ಎರಡು ಕೊಡ ನೀರು ಹೊಯ್ದಳು.

ದ್ಯಾಮಣ್ಣ ಕಿಟಕಿಯ ಹತ್ತಿರ ಬಂದ. "ನನ್ನ ಗಾಡಿ ಮುಂದ ತರಲೇನೋ ಹೊಳಬಸು?"

ಈಗ ಅವನ ದನಿಯಲ್ಲಿ ಹಬ್ಬವಿರಲಿಲ್ಲ. ಹೊಳಬಸಪ್ಪ ಅವನ ಮುಖ ನೋಡಲಿಲ್ಲ. ಅವನಿಗೆ ಕಾಣಿಸುತ್ತಿದ್ದುದು ಕರಿಹಲಗೆ, ಒದ್ದೆ ಬಟ್ಟೆ, ಅಳಿಸಿಹೋಗುವ ತನ್ನ ಹೆಸರು.

"ಒಂದ ಸಲ ಸೆಲ್ಫ್ ಹೊಡೀತೀನಿ ತಡಿ ದ್ಯಾಮಣ್ಣ. ಒಂದ ಸಲ."

ಕೀಲಿ ತಿರುಗಿತು. ಒಂಬತ್ತು ವರ್ಷಗಳಲ್ಲಿ ಯಾರೂ ಕೇಳಿರದ ಸದ್ದೊಂದು ಆ ಕಬ್ಬಿಣದ ಮೂಗಿನಿಂದ ಬಂತು: ಗುಡ್ಡದ ಗಾಳಿಯನ್ನೆಲ್ಲ ಒಂದೇ ಗುಟುಕಿಗೆ ಎಳೆದುಕೊಂಡಂಥ ಸದ್ದು. ಎಂಜಿನ್ ಗರ್ಜಿಸಿತು. ಹೊಗೆ ಒಮ್ಮೆ ಕಪ್ಪಗೆ ಬಂದು, ತೆಳುವಾಗಿ, ಕಾಣದಾಯಿತು. ಲಾರಿ ಕಲ್ಲನ್ನು ಬಿಟ್ಟು ಮುಂದಕ್ಕೆ ನೆಗೆಯಿತು. ಆರನೆಯ ತಿರುವಿನಲ್ಲಿ ಹೊಳಬಸಪ್ಪ ಎರಡನೆಯ ಗೇರಿಗೆ ಹಾಕಿದ, ಲಾರಿ ಬೇಡವೆನ್ನಲಿಲ್ಲ. ಸೌದೆಯ ಮುದುಕಿಯನ್ನು ಹಾರ್ನ್ ಹೊಡೆದು ದಾಟಿದ. ಏಳನೆಯ ತಿರುವನ್ನೂ ದಾಟಿ, ಗುಡ್ಡದ ನೆತ್ತಿಯ ಚಹಾದಂಗಡಿಯ ಮುಂದೆ ನಿಂತು, ವಿಜಯೋನ್ಮತ್ತನಾಗಿ ಪಕ್ಕಕ್ಕೆ ತಿರುಗಿ, "ನೋಡಿದೇನ ಪಾರೀ!" ಎಂದ.

ಪಕ್ಕದ ಸೀಟು ಖಾಲಿಯಿತ್ತು.

ಪಾರವ್ವ ಬಂದದ್ದು ಕಾಲು ಗಂಟೆಯ ಮೇಲೆ, ದ್ಯಾಮಣ್ಣನ ಲಾರಿಯಲ್ಲಿ, ಮೆತ್ತನೆಯ ಸೀಟಿನಲ್ಲಿ. ಒಂದು ಕೈಯಲ್ಲಿ ಗಾಲಿಯ ಕಲ್ಲು. ರಸ್ತೆಯ ನಡುವೆ ಬಿಟ್ಟು ಬಂದರೆ ಹಿಂದಿನವರಿಗೆ ತೊಂದರೆ. ಇನ್ನೊಂದು ಕಂಕುಳಲ್ಲಿ ಒಂಬತ್ತು ಖಣ.

ದ್ಯಾಮಣ್ಣ ಇಳಿದವನೇ ಕೇಳಿದ: "ಖರೇ ಹೇಳು. ಮೋದಿನಸಾಬ ಏನ ಕೂಡಿಸ್ಯಾನ?"

ವೀರನು ಮೀಸೆ ತಿರುವಿ, ಎದೆಯುಬ್ಬಿಸಿ, ಕಂಠ ಸರಿಮಾಡಿಕೊಂಡ. ನಾವೂ ಲೇಖನಿಯನ್ನು ಸಜ್ಜು ಮಾಡಿಕೊಂಡೆವು.

"ಏನೂ ಕೂಡಿಸಿಲ್ಲ," ಎಂದಳು ಪಾರವ್ವ. "ಮೂಗಿನ ಅರಿವಿ ಬಿಚ್ಚಿದೆ."

ಚಹಾದಂಗಡಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿದ. ದ್ಯಾಮಣ್ಣ ಖಣಗಳನ್ನು ನೋಡಿದ, ಮೂಗನ್ನು ನೋಡಿದ, ಹೊಳಬಸಪ್ಪನನ್ನು ನೋಡಿದ. ಅವನು ನಗುತ್ತಾನೆಂದು ಎಲ್ಲರೂ ಕಾದರು. ಅವನು ಪವನಪುತ್ರನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಒಂಬತ್ತ ವರ್ಷ ಉಸರ ಹಿಡಕೊಂಡ ಗುಡ್ಡಾ ಹತ್ತೈತಲ್ಲೋ ಇದು," ಎಂದ. "ನನ್ನ ಗಾಡಿ ಆಗಿದ್ರ ಒಂದ ವರ್ಷಾನೂ ತಾಳ್ತಿದ್ದಿಲ್ಲ."

ಹೆಸರು ಗುಡ್ಡದ ಪಾಳಿಯಲ್ಲೇ ಉಳಿಯಿತು. ಅದಕ್ಕಿಂತ ಹೆಚ್ಚಿನ ಮರ್ಯಾದೆ ಹೊಳಬಸಪ್ಪನಿಗೂ ಬೇಕಿರಲಿಲ್ಲ. ಅಂದು ಚಹಾ ಮುಗಿಯುವವರೆಗೂ ಅವನು ತಲೆ ಎತ್ತಲಿಲ್ಲ. ಮೋದಿನಸಾಬ ಪಂಪಿನ ಸ್ಕ್ರೂವನ್ನು ಅರ್ಧ ಸುತ್ತು ವಾಪಸು ತಿರುಗಿಸಿಕೊಟ್ಟ, ಪುಕ್ಕಟೆ.

ತಪ್ಪು ನಮ್ಮದೂ ಇದೆ. ರೋಗವನ್ನೇ ಬಿರುದೆಂದು ಇಷ್ಟು ಹೊತ್ತು ಹಾಡಿದವರು ನಾವು. ನವಖಣಾಲಂಕೃತನಾಸಿಕ ಎಂಬುದನ್ನು ಹೊಡೆದುಹಾಕಿದ್ದೇವೆ. ಹೊಗೆ ಹೋದದ್ದರಿಂದ ಘನಧೂಮಕೇತನವೂ ಹೋಯಿತು. ಉಳಿದದ್ದು ಷಟ್‌ಚಕ್ರಗಾಮಿ. ಅಂದರೆ, ಆರು ಗಾಲಿಯ ಲಾರಿ.

ಖಣಗಳನ್ನು ಪಾರವ್ವ ಮೂರು ಸಲ ತೊಳೆದಳು. ಎಂಟು ಯಾವುದಕ್ಕೂ ಬರಲಿಲ್ಲ. ಅವು ಎಣ್ಣೆ ಒರೆಸಲು ಲಾರಿಗೇ ಹೋದವು. ದಾಳಿಂಬೆ ಬಣ್ಣದ್ದೊಂದು ಉಳಿಯಿತು. ಪೇಟೆಯ ಸಿಂಪಿಗ ಅದರಲ್ಲಿ ಕುಪ್ಪಸ ಹೊಲಿದು ಕೊಟ್ಟ.

ತೋಳು ತುಸು ಬಿಗಿಯಾಯಿತು.