ಅತ್ತೆಯ ದನಿಗೊಂದು ಝೆರಾಕ್ಸ್

ಹೆಡ್‌ಫೋನಿನ ಎಡಗಿವಿಯ ಮೆತ್ತೆಯ ಮೇಲೆ ಅರಿಶಿನದ ಹೆಬ್ಬೆರಳಿನ ಗುರುತೊಂದು ಕೂತಿದೆ. ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿದ್ದೇನೆ. ಮಸುಕಾಗಿದೆಯೇ ಹೊರತು ಹೋಗಿಲ್ಲ. ಹೆಡ್‌ಫೋನು ನನ್ನದಲ್ಲ, ಜೊತೆಯಲ್ಲಿ ಓದಿದ ಗೆಳತಿಯದು. ಅವಳು ಕೇಳಿದರೆ ಏನು ಹೇಳಲಿ? ಇದು ನಮ್ಮ ಸೋದರತ್ತೆಯ ಬೆರಳು ಎಂದರೆ ಸಾಕಾಗುವುದಿಲ್ಲ. ಶಿಡ್ಲಘಟ್ಟದ ಗಡಿಯಾರಗಳೆಲ್ಲ ಯಾರನ್ನು ಕಂಡರೆ ಹೆದರುತ್ತವೆಯೋ ಅವರದು ಎಂದು ಹೇಳಬೇಕು!

ಉತ್ಪ್ರೇಕ್ಷೆ ಅನ್ನಿಸಿತೇ? ನಮ್ಮತ್ತೆಗೆ ತಾಳ ತಪ್ಪುವುದನ್ನು ಸಹಿಸಲು ಆಗುವುದಿಲ್ಲ. ಕುಕ್ಕರಿನ ಮೂರನೇ ಸೀಟಿ ತಡವಾದರೆ ಅಡುಗೆಮನೆಯ ಕಡೆ ತಿರುಗಿ "ಹೂಂ, ಎತ್ಕೋ" ಅನ್ನುತ್ತಾರೆ. ಒಮ್ಮೆ ಯಾರದೋ ಮದುವೆಯ ಮೆರವಣಿಗೆಯನ್ನು (ಯಾರದೆಂದು ನಮಗೆ ಇವತ್ತಿಗೂ ಗೊತ್ತಿಲ್ಲ) ತರಕಾರಿ ಚೀಲದ ಸಮೇತ ಅಡ್ಡಗಟ್ಟಿ, ಡ್ರಮ್ಮು ಬಾರಿಸುವವನಿಗೆ ಬೆರಳೆಣಿಸಿ ಲೆಕ್ಕ ತೋರಿಸಿಕೊಟ್ಟರು. ಹೂವಿನ ಕಾರಿನಲ್ಲಿದ್ದ ಮದುಮಗ, ಪಾಪ, ಪಾಠ ಮುಗಿಯುವವರೆಗೆ ಕಾದ. ಹುಡುಗನ ಕಡೆಯವರು ಊಟಕ್ಕೂ ಕರೆದರಂತೆ. ಅತ್ತೆ ಹೋಗಲಿಲ್ಲ. ಯಾಕೆ ಅಂದರೆ, "ಮುಂದಿನ ಬೀದೀಲಿ ಮತ್ತೆ ತಪ್ಪಿಸಿದ ಕಣೇ ಅವ್ನು!"

ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಶನಿವಾರದ ಭಜನೆಯಲ್ಲಿ ಮುಂದೆ ಕೂತು ಹಾಡು ಎತ್ತಿಕೊಡುವವರೂ ಅವರೇ. ಅರ್ಧ ಕನ್ನಡ, ಅರ್ಧ ತೆಲುಗಿನ ಆ ಹಾಡುಗಳು ಯಾವ ಪುಸ್ತಕದಲ್ಲೂ ಇಲ್ಲ. ಅವರಜ್ಜಿಯ ಬಾಯಿಂದ ಅವರ ಬಾಯಿಗೆ ಬಂದವು. ಸದ್ಯಕ್ಕೆ ಅಲ್ಲೇ ಇವೆ.

ಹಾಗಿರುವಾಗ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಆಪರೇಷನ್ನಿಗೆ ಸೋಮವಾರ ನಿಗದಿಯಾಯಿತು. ಭಯಪಡುವಂಥದ್ದೇನೂ ಅಲ್ಲ, ಆದರೆ ಕೆಲವರಿಗೆ ದನಿ ಮೊದಲಿನಂತೆ ಇರುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ಅತ್ತೆ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದರು:

"ಒರಿಜಿನಲ್ ಅವ್ರ ಕೈಗೆ ಕೊಡೋಕ್ ಮುಂಚೆ ಒಂದು ಝೆರಾಕ್ಸ್ ತೆಗ್ದಿಟ್ಕೋಬೇಕಲ್ವೇನೇ?"

ಮೊದಲು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದೆ. "ಇದ್ಯಾರು, ಅಕ್ಕಿ ಡಬ್ಬದೊಳ್ಗೆ ಕೂತ್ಕೊಂಡು ಹಾಡ್ತಿರೋದು? ಮಸುಕು ಕಾಪಿಗೆಲ್ಲ ನಾನು ಸೀಲ್ ಹಾಕಲ್ಲಮ್ಮ" ಎಂದು ತಿರಸ್ಕರಿಸಿದರು. ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಒಂದು ವಾರ ರಜೆ ಹಾಕಿ, ಗೆಳತಿಯಿಂದ ಮೈಕು, ಹೆಡ್‌ಫೋನು, ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಸಾಧನ, ಇಷ್ಟನ್ನೂ ಎರವಲು ತಂದು ಅತ್ತೆಯ ನಡುಮನೆಯಲ್ಲಿ ಹರಡಿದೆ. ಲ್ಯಾಪ್‌ಟಾಪಿಗೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿದೆ. ಹಿಂದಿನ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರ ಗುಂಯ್ ಎನ್ನುತ್ತಿತ್ತು. ಸ್ವಲ್ಪ ಹೊತ್ತು ನಿಲ್ಲಿಸುತ್ತೀರಾ ಎಂದು ಕೇಳಲು ನಾನು ಎದ್ದರೆ ಅತ್ತೆ ತಡೆದರು.

"ಬಿಡು, ಅದು ಶ್ರುತೀಲೇ ಇದೆ."

ಕಿವಿಯ ಓಲೆ ಬಿಚ್ಚಿಟ್ಟು, ಅಡುಗೆಮನೆಯಿಂದ ಬಂದ ಕೈಯಲ್ಲೇ ಹೆಡ್‌ಫೋನು ಏರಿಸಿಕೊಂಡು, ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದರು. ಎತ್ತಿದವರು ಅರ್ಧಕ್ಕೇ ಗಕ್ಕನೆ ನಿಂತು ಬಾಗಿಲ ಕಡೆ ತಿರುಗಿದರು. ಸಿಟ್ಟು ಬಂದರೆ ನಮ್ಮತ್ತೆಗೆ ತೆಲುಗು ಬರುತ್ತದೆ.

"ಏಮೇ ಇದಿ? ಯಾರೇ ಅದು ನನ್ ಹಿಂದಿಂದೇ ಹೇಳ್ತಿರೋದು?"

"ಯಾರೂ ಇಲ್ಲ ಅತ್ತೆ, ಅದು ನಿಮ್ ದನೀನೇ. ಸ್ವಲ್ಪ ತಡವಾಗಿ ಕೇಳಿಸ್ತಿದೆ."

"ನನ್ ದನಿ ತಡವಾ? ನಂದಾ?"

ಜೀವನದಲ್ಲಿ ಅವರನ್ನು ಇಷ್ಟು ಅವಮಾನಿಸಿದವರು ಯಾರೂ ಇರಲಿಲ್ಲ! ಸರಿಪಡಿಸುತ್ತೇನೆ ಎಂದು ನಾನು ತೆರೆಯ ಮೇಲೆ ತಡಕಾಡುವಷ್ಟರಲ್ಲಿ ಅವರು ಹಾಡತೊಡಗಿಯಾಗಿತ್ತು. ಈ ಸಲ ನಿಲ್ಲಲಿಲ್ಲ. ಆದರೆ ಪ್ರತಿ ಸಾಲಿನ ತುದಿಯಲ್ಲೂ, ಹಿಂದಿನಿಂದ ಬರುವ ಆ ದನಿ ಮುಗಿಸಲೆಂದು ತಲೆಯಾಡಿಸುತ್ತಾ ಕಾದರು. ಭಜನೆಯ ಪದ್ಧತಿಯೇ ಅದಲ್ಲವೇ? ಮುಂದಿನವರು ಒಂದು ಸಾಲು ಹೇಳಬೇಕು, ಹಿಂದಿನವರು ಅದನ್ನೇ ತಿರುಗಿ ಹೇಳಬೇಕು, ಅವರು ಮುಗಿಸದೆ ಮುಂದಿನ ಸಾಲು ಎತ್ತಬಾರದು. ನಾಲ್ಕು ನಿಮಿಷದ ಹಾಡು ಐದು ನಿಮಿಷವಾಯಿತು.

"ಹಂಗ್ ಕಾಯಬೇಡಿ ಅತ್ತೆ."

"ಅವಳಿಗೂ ಉಸಿರಿದೆ ಕಣೇ. ಮುಗಿಸ್ಲಿ ಬಿಡು."

ನಾನು ಕೆಲಸಕ್ಕೆ ಕೂತೆ. ಕಂಪ್ಯೂಟರು ದನಿಯನ್ನು ಬಂದ ಹಾಗೇ ಕಳಿಸುವುದಿಲ್ಲ. ಚೂರು ಮಾಡಿ, ಇಷ್ಟು ಚೂರಿಗೆ ಒಂದು ಕಂತೆ ಎಂದು ಕಟ್ಟಿ, ಹತ್ತು ಕಡೆ ಸುತ್ತಿಸಿ ಕಿವಿಗೆ ತಲುಪಿಸುತ್ತದೆ ಎಂದು ವಿವರಿಸಿದೆ. ನನ್ನ ವಿದ್ಯಾರ್ಥಿಗಳಾಗಿದ್ದರೆ ಈ ಹೊತ್ತಿಗೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಅತ್ತೆ ತಕ್ಷಣ ಹಿಡಿದುಬಿಟ್ಟರು.

"ಅಂದ್ರೆ ಫೈಲು ಐದು ಟೇಬಲ್ ಮೇಲೆ ಕೂತೆದ್ದು ಬರ್ತಿದೆ ಅನ್ನು."

"ಹೂಂ ಅತ್ತೆ."

"ಸೀದಾ ಸಾಹೇಬ್ರ ರೂಮಿಗೆ ಹೋಗೋ ದಾರಿ ಇಲ್ವಾ?"

"ಇದೆ. ಅದಕ್ಕೆ ಬೇರೆ ಡ್ರೈವರ್ ಹಾಕ್ಬೇಕು."

"ಹಾಕು ಮತ್ತೆ! ಮೂವತ್ತು ವರ್ಷ ನಾನು ಜನಾನ ಕಾಯ್ಸಿದ್ದಕ್ಕೆ ಈಗ ಇದು ನನ್ನ ಕಾಯಿಸ್ತಿದೆ."

ಆ ಪುಟ್ಟ ಸಾಧನ ಮಾಡಿದವರೇ ಕೊಡುವ ಡ್ರೈವರ್ ಎಂಬ ತಂತ್ರಾಂಶವನ್ನು ಇಳಿಸಿಕೊಂಡು, ಲ್ಯಾಪ್‌ಟಾಪನ್ನು ಎರಡು ಸಲ ಆರಿಸಿ ಹೊತ್ತಿಸಿ, ಸಾಫ್ಟ್‌ವೇರಿನಲ್ಲಿ ಅದನ್ನೇ ಆರಿಸಿಕೊಂಡೆ. ಇನ್ನು ಕಂತೆಯ ಗಾತ್ರ. ಒಂದು ಕಂತೆಗೆ ಸಾವಿರದ ಇಪ್ಪತ್ತನಾಲ್ಕು ಚೂರು ಇತ್ತು. ಒಂದೇ ಏಟಿಗೆ ಅರುವತ್ತನಾಲ್ಕಕ್ಕೆ ಇಳಿಸಿದೆ. ತಡ ಹೋಯಿತು, ಆದರೆ ದನಿಯ ತುಂಬ ಪಟಪಟ ಸದ್ದು. ಅತ್ತೆ ಹೆಡ್‌ಫೋನು ಕಿತ್ತರು.

"ಒಗ್ಗರಣೆ ಹಾಕ್ಬೇಡ್ವೇ! ಬರೀ ಅನ್ನ ಬಡ್ಸು ಸಾಕು."

ನೂರ ಇಪ್ಪತ್ತೆಂಟಕ್ಕೆ ಏರಿಸಿದೆ. ಸಿಡಿಯುವುದು ನಿಂತಿತು. ತಡ ಹತ್ತು ಮಿಲಿಸೆಕೆಂಡಿಗೂ ಕಡಿಮೆ; ಅಷ್ಟು ಸಣ್ಣ ತಡ ನಮ್ಮತ್ತೆಯ ಕಿವಿಗೂ ಸಿಕ್ಕುವುದಿಲ್ಲ. ನನಗೆ ಪದವಿ ಸಿಕ್ಕ ದಿನವೂ ಇಷ್ಟು ಹೆಮ್ಮೆಯಾಗಿರಲಿಲ್ಲ.

"ಈಗ ಹಾಡಿ ಅತ್ತೆ."

ಹಾಡಿದರು. ಸಾಲು ಮುಗಿಯಿತು. ಕಾದರು. ಇನ್ನೂ ಸ್ವಲ್ಪ ಕಾದರು. ಕಣ್ಣು ಬಿಟ್ಟರು.

"ಎಲ್ಲಿ ಹೋದ್ಲೇ?"

"ಯಾರು ಅತ್ತೆ?"

"ಹಿಂದೆ ಹೇಳ್ತಿದ್ಲಲ್ಲ, ಅವ್ಳು."

ನಗಲು ಬಾಯಿ ತೆರೆದವಳು ಅವರ ಮುಖ ನೋಡಿ ತೆರೆಯ ಕಡೆ ತಿರುಗಿದೆ.

"ನಿಮ್ಮಮ್ಮನೂ ಹಿಂಗೇ ಅಲ್ವೇನೇ," ಅಂದರು ಅತ್ತೆ. "ಒಂದು ಉಸಿರು ತಡ. ಯಾವಾಗ್ಲೂ."

ಇಲ್ಲಿಯವರೆಗೆ ನಾನು ಒಂದು ವಿಷಯ ಬರೆದಿಲ್ಲ. ಮನೆಯ ಮಾತು ಹೊರಗೆ ಆಡುವುದು ನನಗೆ ಒಗ್ಗುವುದಿಲ್ಲ. ಅತ್ತೆಯ ಹಿಂದೆ ಕೂತು ಇಪ್ಪತ್ತಾರು ವರ್ಷ ಸಾಲು ತಿರುಗಿ ಹೇಳುತ್ತಿದ್ದವಳು ನನ್ನ ಅಮ್ಮ, ಅವರ ತಮ್ಮನ ಹೆಂಡತಿ. ಗೌರಿಬಿದನೂರಿನಿಂದ ಬಸ್ಸು ಬದಲಿಸಿಕೊಂಡು ಶನಿವಾರ ಶನಿವಾರ ಬರುತ್ತಿದ್ದಳು. ಹೋದ ವರ್ಷ ರಾಮನವಮಿಯ ಭಜನೆಯಲ್ಲಿ ಅತ್ತೆ ಎಲ್ಲರೆದುರಿಗೆ ಹಾಡು ನಿಲ್ಲಿಸಿ, "ನೀನು ಹೇಳ್ಬೇಡಮ್ಮ, ಸುಮ್ನೆ ತಾಳ ಹಾಕು" ಎಂದುಬಿಟ್ಟರು. ಅಮ್ಮ ತಾಳ ಕೆಳಗಿಟ್ಟು ಎದ್ದು ಬಂದಳು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. "ನಿಮ್ಮಮ್ಮಂಗೆ ಹೇಳು", "ನಿಮ್ಮತ್ತೆಗೆ ಹೇಳು" ಎಂದು ನನ್ನ ಮೂಲಕವೇ ಎಲ್ಲ. ಈ ಸಲ ಹೊರಡುವಾಗಲೂ ಅಮ್ಮ ಸಾರಿನ ಪುಡಿ ಕಟ್ಟಿಕೊಟ್ಟು, "ಗಂಟಲಿಗೆ ಒಳ್ಳೇದು. ನಾನ್ ಕೊಟ್ಟೆ ಅನ್ಬೇಡ" ಎಂದಿದ್ದಳು. ಅದರ ಸಾರನ್ನು ಅತ್ತೆ ಒಂದು ಗುಟುಕು ಕುಡಿದು, "ಮೆಣಸು ಹುರಿಯೋದ್ರಲ್ಲೂ ತಡ" ಎಂದರು. ಆಮೇಲೆ ಎರಡು ಲೋಟ ಕುಡಿದರು.

"ಮೊದಲಿನ ಥರಾನೇ ಮಾಡ್ಕೊಡ್ಲಾ ಅತ್ತೆ?" ಎಂದು ಕೇಳಿದೆ. ನನ್ನ ಇಡೀ ಮಧ್ಯಾಹ್ನದ ದುಡಿಮೆಯನ್ನು ಒಂದು ಗುಂಡಿಯಲ್ಲಿ ಅಳಿಸಲು ಸಿದ್ಧಳಿದ್ದೆ.

"ಬೇಡ. ಅದು ಅವಳಲ್ವಲ್ಲ." ಹೆಡ್‌ಫೋನು ಸರಿಮಾಡಿಕೊಂಡರು. "ನೀನು ಒತ್ತು. ಜಾಗ ಬಿಟ್ಟು ಹಾಡ್ತೀನಿ."

ಸಂಜೆಯವರೆಗೆ ಹನ್ನೊಂದು ಹಾಡು ಹಾಡಿದರು. ಪ್ರತಿ ಸಾಲಾದ ಮೇಲೂ ಒಂದು ಸಾಲಿನಷ್ಟು ಮೌನ. ಆ ಮೌನದಲ್ಲಿ ತೊಡೆಯ ಮೇಲೆ ಅವರ ಬೆರಳು ಮಾತ್ರ ಎಣಿಸುತ್ತಿತ್ತು. ಆಮೇಲೆ ನಾನು ತೆರೆಯ ಮೇಲೆ ಆ ಖಾಲಿ ಜಾಗಗಳನ್ನು ಅಳೆದು ನೋಡಿದೆ. ಅಳೆಯುವುದು ನನ್ನ ಚಾಳಿ. ಎಲ್ಲವೂ ಸಾಲಿಗಿಂತ ಸ್ವಲ್ಪ ಉದ್ದವಿದ್ದವು. ಜೀವಮಾನದಲ್ಲಿ ತಾಳದ ಒಂದು ಮಾತ್ರೆಯನ್ನೂ ಆಚೀಚೆ ಮಾಡದ ನಮ್ಮತ್ತೆ ಹನ್ನೊಂದು ಹಾಡಿನಲ್ಲೂ ಲೆಕ್ಕ ತಪ್ಪಿದ್ದರು!

"ಜಾಸ್ತಿ ಬಿಟ್ಟಿದೀರಲ್ಲ ಅತ್ತೆ?"

"ಬಿಟ್ಟಿದೀನಿ," ಅಂದರು. ಓಲೆ ಹಾಕಿಕೊಳ್ಳುತ್ತಾ ಇನ್ನೊಂದು ಕಡೆ ತಿರುಗಿಕೊಂಡರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಚಿಕ್ಕಬಳ್ಳಾಪುರದಲ್ಲಿ ಇಳಿದು ಹತ್ತಿ, ಗೌರಿಬಿದನೂರಿಗೆ ಹೋದೆ. ಅಮ್ಮ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಲ್ಯಾಪ್‌ಟಾಪು, ಮೈಕು ಜೋಡಿಸಿ, ಏನೂ ಹೇಳದೆ ಅವಳ ತಲೆಗೆ ಹೆಡ್‌ಫೋನು ಏರಿಸಿ ಮೊದಲ ಹಾಡು ಹಾಕಿದೆ. ಅಮ್ಮ ಸೊಗಡಿನ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ಕೇಳಿದಳು.

"ಅತ್ತಿಗೆ ಯಾಕೆ ಮಧ್ಯ ಮಧ್ಯ ನಿಲ್ಲಿಸ್ತಾರೆ?"

ಎರಡನೇ ಸಾಲು ಬಂತು, ಹೋಯಿತು. ಮೂರನೆಯದು ಮುಗಿದ ಮೇಲೆ ಅಮ್ಮನ ತುಟಿ ಅದನ್ನೇ ತಿರುಗಿ ಹೇಳುವಂತೆ ಅಲುಗಿತು. ನಾನು ಹಾಡನ್ನು ಮೊದಲಿಗೆ ತಂದು, ಮೈಕನ್ನು ಅವಳ ಹತ್ತಿರ ಸರಿಸಿ, ಕೆಂಪು ಗುಂಡಿ ಒತ್ತಿದೆ.