ಹಡಗಿಗೊಬ್ಬ ಸ್ಥಳೀಯ

ಬೆಳಿಗ್ಗೆ ಏಳೂವರೆಗೆ ಬಂದ ಒಂದು ಫೋನು ದುರುಗೇಶನ ತಲೆ ಕೆಡಿಸಿತು. ಮಾಡಿದವರು ಹಡಗುಗಳಿಗೆ ಜನ ಒದಗಿಸುವ ಮಂಗಳೂರಿನ ಏಜೆಂಟ್.

"ದುರುಗೇಶರೇ, ಕಾಕಿನಾಡದ ಹತ್ತಿರ ಸಮುದ್ರದಲ್ಲಿ ಪೈಪ್ ಹಾಕುವ ವಿದೇಶಿ ಹಡಗೊಂದು ಉಂಟು. ಅದರ ಕ್ರೇನ್ ನಡೆಸುವವನ ವೀಸಾ ಮುಗಿದಿದೆ, ನಮ್ಮ ಸರಕಾರದವರು ಮುಂದುವರಿಸಲಿಲ್ಲ. ನಮ್ಮ ಸಮುದ್ರದಲ್ಲಿ ತುಂಬಾ ದಿನ ನಿಂತರೆ ಇಂತಿಷ್ಟು ಜನ ನಮ್ಮವರೇ ಇರಬೇಕಲ್ಲ? ಅವನ ಜಾಗಕ್ಕೆ ನಿಮ್ಮ ಹೆಸರು ಕೊಟ್ಟಿದ್ದೇನೆ. ಈಗಿನ ಕಂಪನಿಯಿಂದ ಬಿಡುಗಡೆ ಪತ್ರ ಇವತ್ತೇ ಕಳಿಸಿ."

ದುರುಗೇಶ್ ಸಂಡೂರು ತಾಲೂಕಿನ ಯಶವಂತನಗರದ ಗಣಿಯೊಂದರಲ್ಲಿ ಕ್ರೇನ್ ನಡೆಸುತ್ತಿದ್ದ. ಹನ್ನೊಂದು ವರ್ಷದ ಕೆಂಪು ಧೂಳು ಎದೆಯೊಳಗೆ ಬಿಡಾರ ಹೂಡಿತ್ತು. "ಧೂಳು ಬಿಡ್ರಿ, ಇಲ್ಲಾಂದ್ರ ಅದು ನಿಮ್ಮನ್ನ ಬಿಡಂಗಿಲ್ಲ" ಎಂದು ಹೊಸಪೇಟೆಯ ಡಾಕ್ಟರು ಹೇಳಿ ಮೂರು ವರ್ಷ. ಅದಕ್ಕೇ ರಜೆಯಲ್ಲಿ ಹಡಗಿನ ತರಬೇತಿ ಮುಗಿಸಿ, ಕಾಗದಪತ್ರ ಎಲ್ಲ ಮಾಡಿಸಿಕೊಂಡು ಈ ಫೋನಿಗೇ ಕಾದಿದ್ದ. ಯಾವ ದೇಶದವನೋ ಪಾಪ, ಅಲ್ಲಿ ಗಂಟುಮೂಟೆ ಕಟ್ಟುತ್ತಿರಬೇಕು ಎಂದು ಒಂದು ಕ್ಷಣ ಅನಿಸಿತು. ರೂಲ್ಸ್ ಅಂದಮೇಲೆ ರೂಲ್ಸೇ ಎಂದುಕೊಂಡು ಚಹಾ ಕುಡಿದ.

ಒಂಬತ್ತಕ್ಕೆ ಗಣಿ ಆಫೀಸಿಗೆ ಹೋಗಿ ರಾಜೀನಾಮೆ ಕೊಟ್ಟ. ಅಲ್ಲಿಯ ಗುಮಾಸ್ತ ಜಂಬುನಾಥ್ ಒಂದು ರಜೆಚೀಟಿಗೂ ವಾರಗಟ್ಟಲೆ ಅಲೆಸುವ ಆಸಾಮಿ. ಅಂದು ಮಾತ್ರ ಅರ್ಧ ಗಂಟೆಯಲ್ಲಿ ಬಿಡುಗಡೆ ಪತ್ರ ಕೈಗಿತ್ತರು. ದುರುಗೇಶ್ ಅಲ್ಲೇ ನಿಂತು ಅದನ್ನು ಏಜೆಂಟರಿಗೆ ಕಳಿಸಿದ.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಪಕ್ಕದ ಮನೆಯ ಪಕೀರಪ್ಪ ಸುಮ್ಮನಿರುವ ಜಾತಿಯವನಲ್ಲ. ಗಣಿಯಿಂದ ನಿವೃತ್ತನಾದ ಮೇಲೆ ಊರವರ ಅರ್ಜಿಗಳೇ ಅವನ ಕಸುಬು.

"ಲೋಕಲ್ ಮಂದಿ ಬೇಕು ಅಂತ ತೊಗೊಳ್ಳಾಕತ್ತಾರ. ನಿನ್ನ 371 ಜೆ ಸರ್ಟಿಫಿಕೇಟ್ ಎಲ್ಲೈತಲೇ?"

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಸಿಗಲು ಬೇಕಾದ ಕಾಗದ ಅದು. ನಮ್ಮ ಕಡೆ ಮೀಸೆ ಮೂಡುವ ಮೊದಲೇ ಅದನ್ನು ಮಾಡಿಸಿ ಇಟ್ಟಿರುತ್ತಾರೆ.

"ಅದು ನಮ್ಮ ರಾಜ್ಯದ ನೌಕರಿಗೆ ಮಾವಾ. ಹಡಗಿಗ್ಯಾಕ?"

"ಕಾಗದ ಕಡಿಮಿ ಬಿದ್ದು ನೌಕರಿ ಹೋದವ್ರನ್ನ ಭಾಳ ಮಂದಿನ ನೋಡೀನಿ. ಹೆಚ್ಚಾಗಿ ಹೋದವ್ರನ್ನ ಒಬ್ಬನ್ನೂ ನೋಡಿಲ್ಲ. ಗಾಡಿ ತೆಗಿ, ಜಲ್ದಿ."

ಸರ್ಟಿಫಿಕೇಟು ಇದ್ದದ್ದು ಕಂಪ್ಲಿಯಲ್ಲಿ, ದುರುಗೇಶನ ತಾಯಿ ಊರಮ್ಮನ ಟ್ರಂಕಿನಲ್ಲಿ. ಕರಡಿಧಾಮವಿರುವ ದರೋಜಿ ಹತ್ತಿರ ಬೈಕು ಪಂಕ್ಚರ್ ಆಯಿತು. ಕರಡಿ ಬಂದೀತೆಂದು ಪಕೀರಪ್ಪ ಕೆಳಗಿಳಿಯಲೇ ಇಲ್ಲ. ಅವನನ್ನೂ ಕೂಡಿಸಿಕೊಂಡು ದುರುಗೇಶ್ ಉರಿಬಿಸಿಲಲ್ಲಿ ಕೆಮ್ಮುತ್ತ ಒಂದು ಮೈಲಿ ತಳ್ಳಿದ.

ಕಂಪ್ಲಿ ಮುಟ್ಟುವಷ್ಟರಲ್ಲಿ ಸುದ್ದಿಯೂ ಮುಟ್ಟಿತ್ತು. ಎದುರು ಮನೆಯ ಎರ್ರೆಮ್ಮ ಬಾಗಿಲಲ್ಲೇ ಹಿಡಿದಳು.

"ಈಜು ಬರತೈತೇನೋ?"

"ಕಾಲುವ್ಯಾಗ ಈಜೀನಿ ಅತ್ತಿ."

"ಕಾಲುವಿಗೆ ಎರಡು ದಂಡಿ ಅದಾವು. ಸಮುದ್ರಕ್ಕ ಎಷ್ಟದಾವು?"

"ಹೆದರಿಸಬ್ಯಾಡ ಸುಮ್ನಿರವ್ವಾ" ಎಂದಳು ಊರಮ್ಮ, ಕೌದಿಗಳ ಅಡಿಯಿಂದ ಕಾಗದ ತೆಗೆಯುತ್ತ. "ಫೋನಿನ್ಯಾಗ ಇವನ ಮಾತಿಗಿಂತ ಕೆಮ್ಮ ಜಾಸ್ತಿ ಕೇಳತೈತಿ. ಅದು ನಿಂತ್ರ ಸಾಕು ನನಗ." ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ದುರುಗೇಶ್ ಕಾಗದ ತೆಗೆದುಕೊಂಡು ಟ್ರಂಕು ಮುಚ್ಚಿದ.

ಪಕೀರಪ್ಪ ಸರ್ಟಿಫಿಕೇಟಿನ ಫೋಟೊ ಹೊಡೆದು ಏಜೆಂಟರಿಗೆ ಕಳಿಸಿದ. ಅಷ್ಟಕ್ಕೆ ತೃಪ್ತಿಯಾಗದೆ, 'ನಮ್ಮ ದುರುಗೇಶ್ ವಿದೇಶಿ ಹಡಗಿಗೆ' ಎಂದು ಬರೆದು ಅದೇ ಫೋಟೊವನ್ನು ಗಣಿಯ ವಾಟ್ಸಾಪ್ ಗುಂಪಿಗೂ ಹಾಕಿದ. ನಲವತ್ತು ಜನ ಕೈ ಮುಗಿದರು.

ಮೂರು ಗಂಟೆಗೆ ಏಜೆಂಟರ ಫೋನು ಬಂತು.

"ಇದೆಂತ ಸರ್ಟಿಫಿಕೇಟು ಮಾರಾಯ್ರೆ? ಪಾಸ್‌ಪೋರ್ಟೇ ಸಾಕಿತ್ತು. ಅದಿರಲಿ, ಒಂದು ಬೇಜಾರಿನ ಸುದ್ದಿ. ಹಡಗಿನವರು ಇಲ್ಲಿಯ ಕೆಲಸ ಅರ್ಧಕ್ಕೇ ನಿಲ್ಲಿಸಿ ಬೇರೆ ದೇಶದ ಸಮುದ್ರಕ್ಕೆ ಹೊರಟಿದ್ದಾರೆ. ಅಲ್ಲಿಯೂ ಇದೇ ರೂಲ್ಸು. ಕ್ರೇನಿಗೆ ಅವರ ಜನವೇ ಬೇಕಂತೆ."

"ನಾ ಅಲ್ಲಿಗೆ ಹೋಗಾಕ ಬರಂಗಿಲ್ಲೇನ್ರಿ?"

"ವೀಸಾ ಕೊಡುವುದಿಲ್ಲ. ಅಲ್ಲಿ ನೀವು ಹೊರಗಿನವರಲ್ಲವಾ?"

ದುರುಗೇಶ್ ಕಟ್ಟೆಯ ಮೇಲೆ ಕುಳಿತ. ವೀಸಾ ಮುಗಿದು ಹೋದ ಆ ಮನುಷ್ಯನಿಗೂ ಯಾರೋ ಹೀಗೇ ಫೋನಿನಲ್ಲಿ ಹೇಳಿರಬೇಕು, ಅವನ ಮನೆಯಲ್ಲೂ ಕಾಯುವವರು ಇರಬೇಕು ಎನಿಸಿತು. ಬೆಳಿಗ್ಗೆಯಂತೆ ಚಹಾ ಕುಡಿದು ಮರೆಯಲು ಈಗ ಆಗಲಿಲ್ಲ. ಧೂಳೇ ಆಗಲಿ, ಇದ್ದ ನೌಕರಿಯಾದರೂ ಉಳಿಯಲಿ ಎಂದು ಬೈಕು ಹತ್ತಿದ.

ಆಫೀಸು ಮುಚ್ಚುವ ಹೊತ್ತಿಗೆ ಅವನೂ ಪಕೀರಪ್ಪನೂ ಜಂಬುನಾಥರ ಮೇಜಿನ ಮುಂದೆ ನಿಂತರು.

"ಬೆಳಿಗ್ಗೆ ಕೊಟ್ಟ ರಾಜೀನಾಮಿ ಹರಿದು ಒಗೀರಿ ಸರ್."

"ಬಿಡುಗಡಿ ಆಗೇತ್ರಿ. ಈಗ ನಿಮ್ಮನ್ನ ತೊಗೊಂಡ್ರ ಹೊಸ ನೇಮಕ ಆಗತೈತಿ. ಹೊಸ ನೇಮಕಕ್ಕ ಸಂಡೂರು ತಾಲೂಕಿನವ್ರೇ ಬೇಕು. ನಾಳಿಂದ ಇಲ್ಲಿಯ ಹುಡುಗನೊಬ್ಬ ಬರ್ತಾನ."

"ಹನ್ನೊಂದು ವರ್ಷ ಇಲ್ಲಿ ಧೂಳು ಕುಡದೀನಿ. ನಾ ಇಲ್ಲಿಯವನ ಅಲ್ಲೇನ್ರಿ?"

ಜಂಬುನಾಥ್ ತಮ್ಮ ಫೋನು ತಿರುಗಿಸಿ ತೋರಿಸಿದರು. "ಕಂಪ್ಲಿ ತಾಲೂಕಿನವ್ರು ಅಂತ ಸರ್ಟಿಫಿಕೇಟು ಮಧ್ಯಾಹ್ನ ನೀವ ಗುಂಪಿಗೆ ಹಾಕೀರಲ್ರಿ. ನಾನೂ ಕೈ ಮುಗದೀನಿ."

ಪಕೀರಪ್ಪ ಫ್ಯಾನು ನೋಡತೊಡಗಿದ.

"ಇಂಥಾ ರೂಲ್ಸ್ ಯಾವ ಪುಣ್ಯಾತ್ಮ ಮಾಡಿಸಿದ್ನ್ರಿ?" ದುರುಗೇಶನಿಗೆ ಸಿಟ್ಟು ನೆತ್ತಿಗೇರಿತ್ತು.

ಜಂಬುನಾಥ್ ಕಪಾಟಿನಿಂದ ಒಂದು ಫೈಲು ತಂದು ಬಿಚ್ಚಿದರು. ಜಾರ್ಖಂಡದಿಂದ ಬಂದ ಇಬ್ಬರು ಕ್ರೇನಿನವರನ್ನು ಕಳಿಸಿ, ಇನ್ನು ಮುಂದೆ ತಾಲೂಕಿನವರನ್ನೇ ತೆಗೆದುಕೊಳ್ಳಬೇಕೆಂದು ನಾಲ್ಕು ವರ್ಷದ ಹಿಂದೆ ಕಾರ್ಮಿಕರು ಕೊಟ್ಟ ಮನವಿ. ಬರೆದ ಕೈ ಪಕೀರಪ್ಪನದು. ಕೆಳಗೆ ಅರವತ್ತೆರಡು ಸಹಿ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಅಡಿಗೆರೆ ಎಳೆದು ಹಾಕಿದ ಮೊದಲ ಸಹಿ ದುರುಗೇಶನದು.